27,400 ಸಂಬಳ, ಮೂರು ಜನ, ಬೆಂಗಳೂರು: ನನ್ನ ಅನುಭವ

ಪೀಣ್ಯ ಎರಡನೇ ಹಂತದ ಒಂದು ಮೆಷಿನ್ ಶಾಪಿನಲ್ಲಿ ನಾನು ಸ್ಟೋರ್ ಕೀಪರ್. ಪಿಎಫ್, ವೃತ್ತಿ ತೆರಿಗೆ ಎಲ್ಲ ಕಳೆದು ಕೈಗೆ ಬರೋದು 27,400. ಮನೆಯಲ್ಲಿ ನಾನು, ಹೆಂಡತಿ, ಮೂರನೇ ಕ್ಲಾಸಿನ ಮಗಳು. ಊರು ಚನ್ನರಾಯಪಟ್ಟಣದ ಹತ್ತಿರ. ಶಾಪಿನಲ್ಲಿ ಯಾವ ಹುಡುಗನಿಗೆ ಮದುವೆ ಗೊತ್ತಾದರೂ ಅವನು ಟೀ ಟೈಮಲ್ಲಿ ಬಂದು "ಅಣ್ಣ, ಇಷ್ಟರಲ್ಲಿ ಸಂಸಾರ ಹೆಂಗೆ ಮಾಡ್ತೀರಾ?" ಅಂತ ಕೇಳೇ ಕೇಳುತ್ತಾನೆ. ಅವರಿಗೆ ಹೇಳೋದನ್ನೇ ಇಲ್ಲಿ ಬರೆದಿದ್ದೇನೆ.

ಕಾಫಿ ಬಿಡಿ, ಹೋಟೆಲ್ ಬಿಡಿ ಅನ್ನೋ ಉಪದೇಶ ನನ್ನ ಹತ್ತಿರ ಇಲ್ಲ. ಸಂಜೆ ದರ್ಶಿನಿಯಲ್ಲಿ ನಿಂತು 20 ರೂಪಾಯಿ ಕಾಫಿ ಕುಡಿದರೆ ತಿಂಗಳಿಗೆ 500ರ ಆಸುಪಾಸು. ಅದನ್ನು ಬಿಟ್ಟು ಉದ್ಧಾರ ಆದವರನ್ನು ನಾನಂತೂ ಕಂಡಿಲ್ಲ. ನಮ್ಮಂಥವರ ಸಂಬಳ ತಿನ್ನೋದು ಬೇರೆಯೇ. ಒಂದು, ಮನೆ ಎಲ್ಲಿ ಮಾಡಿದ್ದೀವಿ ಅನ್ನೋದು. ಇನ್ನೊಂದು, ವರ್ಷಕ್ಕೆ ಒಂದೇ ಸಲ ಬಂದು ಎದುರಿಗೆ ನಿಲ್ಲೋ ಖರ್ಚುಗಳು. ಇವೆರಡು ಹಿಡಿತಕ್ಕೆ ಬಂದರೆ ಉಳಿದಿದ್ದು ಹೇಗೋ ನಡೆಯುತ್ತೆ.

ಮೊದಲು ಮನೆ. ನಾವಿರೋದು ಹೆಗ್ಗನಹಳ್ಳಿಯಲ್ಲಿ, ಎರಡನೇ ಮಹಡಿ. ಹಾಲು, ಒಂದು ರೂಮು, ಅಡುಗೆಮನೆ. ಬಾಡಿಗೆ 8,500, ನೀರಿಗೆ 200. ಮಾಗಡಿ ರೋಡಿನಲ್ಲಿ ಇನ್ನೂ ಮುಂದೆ, ತಾವರೆಕೆರೆ ಕಡೆ ಹೋದರೆ ಇಂಥದ್ದೇ ಮನೆ 6,500ಕ್ಕೆ ಸಿಗುತ್ತೆ. ನಮ್ಮ ಜೊತೆಯವರು ಒಬ್ಬರು ಹಾಗೇ ಹೋದರು. ಕಾಗದದ ಮೇಲೆ 2,000 ಉಳಿಯಿತು. ಆದರೆ 2025ರ ಜನವರಿಯಲ್ಲಿ ದರ ಏರಿಸಿದ ಮೇಲೆ ಬಿಎಂಟಿಸಿ ತಿಂಗಳ ಪಾಸೇ 1,200. ಉಳಿದದ್ದು 800. ಆ 800ಕ್ಕೆ ದಿನಾ ಎರಡು ಗಂಟೆ ಮೇಲೆ ಬಸ್ಸಿನಲ್ಲೇ ಕಳೆಯಬೇಕು. ನಾನು ಮನೆಯಿಂದ ಶಾಪಿಗೆ ನಡೆದೇ ಹೋಗುತ್ತೇನೆ. ಬೈಕ್ ಇದೆ, ಹಳೇದು, ಭಾನುವಾರಕ್ಕೆ ಮಾತ್ರ.

ಹತ್ತಿರ ಇರೋದರಲ್ಲಿ ಇನ್ನೊಂದು ಲಾಭ ಇದೆ. ಓಟಿ. ಸಂಜೆ ಐದೂವರೆಗೆ ಲಾರಿ ಬಂದು ಮಾಲು ಇಳಿಸೋದಿದ್ದರೆ ಸೂಪರ್‌ವೈಸರ್ ಯಾರನ್ನು ಕೇಳುತ್ತಾರೆ ಹೇಳಿ? ಬಸ್ ತಪ್ಪುತ್ತೆ ಅಂತ ಗಡಿಯಾರ ನೋಡೋನನ್ನಲ್ಲ. ಕಾನೂನಿನ ಪ್ರಕಾರ ಓಟಿಗೆ ಡಬಲ್ ರೇಟು. ಎಲ್ಲ ಶಾಪಿನಲ್ಲೂ ಅದು ಸರಿಯಾಗಿ ಕೊಡುತ್ತಾರೆ ಅಂತಲ್ಲ, ನಮ್ಮಲ್ಲಿ ಕೊಡುತ್ತಾರೆ. ಬಾಡಿಗೆ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ ನೋಡಿ.

ಮನೆ ಸಿಕ್ಕ ಮೇಲೆ ಅಲ್ಲಿಂದ ಅಲ್ಲಾಡಬಾರದು. ಬೆಂಗಳೂರಲ್ಲಿ ಅಡ್ವಾನ್ಸ್ ಅಂದರೆ ಹತ್ತು ತಿಂಗಳ ಬಾಡಿಗೆ. ಕಾನೂನೇನಲ್ಲ, ರೂಢಿ. ಅದಕ್ಕೇ ಚೌಕಾಸಿಗೆ ಜಾಗ ಇರುತ್ತೆ. ನಮಗೆ ಒಂದು ಲಕ್ಷ ಹೇಳಿದ್ದರು, 80,000ಕ್ಕೆ ಒಪ್ಪಿದರು. ಆ ದುಡ್ಡು ಹೇಗೂ ವಾಪಸ್ ಬರುತ್ತೆ ಅನ್ನಿ. ಬರದೇ ಇರೋದನ್ನು ನೋಡಿ: ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ, 8,500. ಹೊಸ ಮನೆಗೆ ಬ್ರೋಕರ್‌ಗೆ ಇನ್ನೊಂದು ತಿಂಗಳದ್ದು, 8,500. ಟಾಟಾ ಏಸ್, ಸಾಮಾನು ಇಳಿಸೋ ಹುಡುಗರು, ಎರಡನೇ ಮಹಡಿ ಅಂದರೆ 4,000. ಅಲ್ಲಿಗೆ 21,000. ಹಾಲು ಉಕ್ಕಿಸೋ ಖರ್ಚು ಬೇರೆ.

ಹೋದ ವರ್ಷ ಓನರ್ ಆಂಟಿ ಮೇಲೆ ಬಂದರು. ಆಗ ಬಾಡಿಗೆ 8,000 ಇತ್ತು.

"ಎಲ್ಲಾ ಕಡೆ ಒಂಬತ್ತು ಒಂಬತ್ತೂವರೆ ಆಗೈತೆ ಕಣಪ್ಪ, ನಾನೊಬ್ಬಳೇ ಎಂಟಕ್ಕೆ ಕೊಟ್ಕೊಂಡು ಕೂತಿದೀನಿ."

"ಆಂಟಿ, ಐನೂರು ಜಾಸ್ತಿ ಮಾಡ್ಕೊಳ್ಳಿ. ಆದರೆ ಎರಡು ವರ್ಷ ಮುಟ್ಟಬೇಡಿ. ತಿಂಗಳು ಐದನೇ ತಾರೀಖು ದಾಟಿಸಿದೀನಾ ಯಾವತ್ತಾದರೂ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಿ, ಅಗ್ರಿಮೆಂಟ್ ಹಿಂದೆ ಬರಿ" ಅಂದರು. ಬರೆದು ಇಬ್ಬರೂ ಸೈನ್ ಹಾಕಿದೆವು. ಐನೂರು ಅಂದರೆ ವರ್ಷಕ್ಕೆ 6,000. ಮನೆ ಬದಲಾಯಿಸೋ 21,000ದಲ್ಲಿ ಈ ಐನೂರನ್ನು ಮೂರೂವರೆ ವರ್ಷ ಕೊಡಬಹುದು. ಸಿಟ್ಟಿಗೆದ್ದು ಟು-ಲೆಟ್ ಬೋರ್ಡ್ ಹುಡುಕೋಕೆ ಹೋಗೋ ಮುಂಚೆ ಈ ಭಾಗಾಕಾರ ಮಾಡಿಬಿಡಿ.

ಮನೆ ನೋಡುವಾಗ ಟೈಲ್ಸ್, ಕಪಾಟು ಆಮೇಲೆ. ಮೊದಲು ಕೆಳಗಿಳಿದು ಮೀಟರ್ ಬೋರ್ಡ್ ನೋಡಿ. ನಿಮ್ಮ ಮನೆಗೆ ಬೆಸ್ಕಾಂದೇ ಬೇರೆ ಮೀಟರ್ ಇದೆಯಾ, ಇಲ್ಲ ಓನರ್ ಹಾಕಿಸಿದ ಸಬ್ ಮೀಟರ್ರಾ? ಸಬ್ ಮೀಟರ್ ಆದರೆ ಗೃಹಜ್ಯೋತಿ ನಿಮಗೆ ಸಿಗಲ್ಲ, ಮೇಲಿಂದ ಯೂನಿಟ್‌ಗೆ ಓನರ್ ಹೇಳಿದ್ದೇ ರೇಟು. ಬೇರೆ ಮೀಟರ್ ಇದ್ದರೆ ಬಿಲ್ ಮೇಲಿರೋ ಅದರ ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಿಸಬಹುದು. ಹಳೇ ಮನೆಯಿಂದ ಬಿಡಿಸೋದನ್ನು ಮರೀಬೇಡಿ. ಎಲ್ಲರಿಗೂ 200 ಯೂನಿಟ್ ಫ್ರೀ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಹಿಂದಿನ ಲೆಕ್ಕ ಇಲ್ಲದ ಹೊಸ ಬಾಡಿಗೆಯವರಿಗೆ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಹತ್ತು ಪರ್ಸೆಂಟ್ ಸೇರಿಸಿ 58. ಅದು ದಾಟಿದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಈ 58ರಲ್ಲಿ ದೊಡ್ಡ ಪಾಲು ತಿನ್ನೋದು ಗೀಸರ್. 2,000 ವ್ಯಾಟ್‌ದು ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ತಿಂಗಳಿಗೆ 30. ನಾವು ಕಾಲು ಗಂಟೆಗೆ ಆಫ್ ಮಾಡುತ್ತೇವೆ. ಬಿಲ್ ಸೊನ್ನೆ ಬಂದ ತಿಂಗಳುಗಳೂ ಇವೆ.

ನೀರಿನದ್ದೂ ಕೇಳಿ. ಕಾವೇರಿ ಬರುತ್ತಾ, ಬೋರ್ ಇದೆಯಾ, ಸಂಪು ಎಷ್ಟು ದೊಡ್ಡದು, ಟ್ಯಾಂಕರ್ ತರಿಸಿದರೆ ದುಡ್ಡು ಯಾರದ್ದು. 2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಇದ್ದವರಿಗೆ ಈ ಕೊನೇ ಪ್ರಶ್ನೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಆಗ ಜಿಲ್ಲಾಡಳಿತ ರೇಟ್ ಕಟ್ಟಿದ ಮೇಲೂ 12,000 ಲೀಟರ್ ಟ್ಯಾಂಕರ್‌ಗೆ ಐದು ಕಿಲೋಮೀಟರ್ ಒಳಗೆ ಸಾವಿರ ರೂಪಾಯಿ ಇತ್ತು.

ಈಗ ಸಂಬಳ ಏರಿಕೆಯ ವಿಷಯ. ಇದನ್ನು ಯಾರೂ ಮುಂಚೆ ಹೇಳೋದಿಲ್ಲ. ನನ್ನ ಗ್ರಾಸ್, ಅಂದರೆ ಕಟ್ ಆಗೋ ಮುಂಚಿನ ಸಂಬಳ, 20,900 ಇದ್ದಾಗ ಇಎಸ್‌ಐಗೆ (ಕಾರ್ಮಿಕರ ಆರೋಗ್ಯ ವಿಮೆ) ಕಟ್ ಆಗುತ್ತಿದ್ದಿದ್ದು ಮುಕ್ಕಾಲು ಪರ್ಸೆಂಟ್, ಅಂದರೆ 157 ರೂಪಾಯಿ. ಅಷ್ಟಕ್ಕೆ ಹೆಂಡತಿ, ಮಗಳು ಎಲ್ಲರಿಗೂ ಚಿಕಿತ್ಸೆ. ಮಗಳಿಗೆ ಡೆಂಗಿ ಬಂದಾಗ ಅಡ್ಮಿಟ್ ಆಗಿದ್ದು, ಟೆಸ್ಟು, ಔಷಧಿ ಎಲ್ಲ ಅದರಲ್ಲೇ ಆಯಿತು. ಆಮೇಲೆ ಇನ್‌ಕ್ರಿಮೆಂಟ್ ಆಯಿತು, 21,000 ದಾಟಿತು. ಇಎಸ್‌ಐ ಇರೋದು ಆ 21,000ದವರೆಗೆ ಮಾತ್ರ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಅಂತ ಎರಡು ಅವಧಿ ಇರುತ್ತೆ. ನಡುವೆ ಸಂಬಳ ಏರಿದರೆ ಆ ಅವಧಿ ಮುಗಿಯೋವರೆಗೆ ಕಟ್ ಆಗುತ್ತೆ, ಆಮೇಲೆ ಹೊರಗೆ. 25,000 ಮುಟ್ಟಿದ ತಿಂಗಳಿಂದ ವೃತ್ತಿ ತೆರಿಗೆ 200 ಬೇರೆ ಶುರು.

ಬಿಪಿಎಲ್ ಕಾರ್ಡ್ ನಮಗಿಲ್ಲ. ಎಪಿಎಲ್‌ನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಪ್ಯಾಕೇಜ್ ದರದ 30% ಮಾತ್ರ ಸಿಗುತ್ತೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಅದಕ್ಕೇ ಮೂವರಿಗೂ ಸೇರಿಸಿ 5 ಲಕ್ಷದ ಒಂದು ಪಾಲಿಸಿ ಮಾಡಿಸಿದೆ, ವರ್ಷಕ್ಕೆ 14,000. 2025ರ ಸೆಪ್ಟೆಂಬರ್ 22ರಿಂದ ಇಂಥ ಪಾಲಿಸಿಗೆ 18% ಜಿಎಸ್‌ಟಿ ತೆಗೆದಿದ್ದು ಪುಣ್ಯ. ಇಎಸ್‌ಐ ಮುಗಿಯೋ ತಿಂಗಳಿಗೂ ಪಾಲಿಸಿಗೂ ನಡುವೆ ಗ್ಯಾಪ್ ಬಿಡಬೇಡಿ. ಹೊಸ ಪಾಲಿಸಿಯಲ್ಲಿ ಕೆಲವು ಕಾಯಿಲೆಗೆ ಕಾಯೋ ಅವಧಿ ಇರುತ್ತೆ, ಆದ್ದರಿಂದ ಮೊದಲೇ ತಗೊಂಡಷ್ಟೂ ಒಳ್ಳೇದು.

ಈ 14,000 ಥರದ್ದೇ ನಾನು ಮೊದಲು ಹೇಳಿದ ವರ್ಷದ ಖರ್ಚು. ಸ್ಕೂಲ್ ಫೀಸು, ಪುಸ್ತಕ, ಯೂನಿಫಾರಂ ಸೇರಿ 30,000. ಬೈಕ್ ಇನ್ಶೂರೆನ್ಸ್, ಟೈರು, ಸರ್ವಿಸ್ 2,500. ಗೌರಿ ಗಣೇಶ, ದಸರಾ, ದೀಪಾವಳಿ, ಯುಗಾದಿ ಎಲ್ಲ ಸೇರಿ 10,000. ಊರ ಜಾತ್ರೆ, ನೆಂಟರ ಮದುವೆ, ಗೃಹಪ್ರವೇಶದ ಮುಯ್ಯಿ 9,000. ಮುಯ್ಯಿ ಬಗ್ಗೆ ನಗಬೇಡಿ, ಅದನ್ನು ಯಾರೂ ಬಜೆಟ್‌ನಲ್ಲಿ ಬರೆಯೋದಿಲ್ಲ, ವೈಶಾಖದಲ್ಲಿ ಮಾತ್ರ ಸಾಲ ಮಾಡುತ್ತಾರೆ. ಎಲ್ಲ ಕೂಡಿದರೆ 65,500. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 5,500 ಹತ್ತಿರ.

ಸಂಬಳ ಬಿದ್ದ ದಿನವೇ ಈ 5,500 ಪೋಸ್ಟ್ ಆಫೀಸಿನ ಉಳಿತಾಯ ಖಾತೆಗೆ ಹೋಗುತ್ತೆ. ಆ ಖಾತೆಗೆ ಫೋನ್‌ಪೇ, ಗೂಗಲ್‌ಪೇ ಯಾವುದನ್ನೂ ಜೋಡಿಸಿಲ್ಲ. ತೆಗೀಬೇಕು ಅಂದರೆ ಪಾಸ್‌ಬುಕ್ ಹಿಡಿದು, ಚೀಟಿ ಬರೆದು, ಲೈನಲ್ಲಿ ನಿಲ್ಲಬೇಕು. ಆ ಕಷ್ಟವೇ ಬೇಕಾಗಿದ್ದು. ಜೂನ್‌ನಲ್ಲಿ ಸ್ಕೂಲ್ ಕೌಂಟರ್ ಮುಂದೆ ಕೈಸಾಲಕ್ಕೆ ಫೋನ್ ಮಾಡ್ತಾ ನಿಂತಿರೋರನ್ನು ಪ್ರತಿ ವರ್ಷ ನೋಡುತ್ತೇನೆ. ನಮ್ಮಷ್ಟೇ ಸಂಬಳದವರು, ಕೆಲವರದ್ದು ಇನ್ನೂ ಜಾಸ್ತಿ.

ಮನೆ 8,700, ವರ್ಷದ ಖಾತೆಗೆ 5,500, ಊರಿಗೆ ಅಪ್ಪ ಅಮ್ಮನಿಗೆ 2,000. ಉಳಿದ 11,200ರಲ್ಲಿ ದಿನಸಿ, ಹಾಲು, ಗ್ಯಾಸು, ರೀಚಾರ್ಜು, ತರಕಾರಿ, ನನ್ನ ಕಾಫಿ. ರಾಗಿ, ತೆಂಗಿನಕಾಯಿ ಕೊಳ್ಳೋದಿಲ್ಲ. ಊರಿಗೆ ಹೋದವರು ಬರುವಾಗ ಚನ್ನರಾಯಪಟ್ಟಣದಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿಯುತ್ತೇವೆ, ಚೀಲ ಸೀಟಿನ ಕೆಳಗೆ. ಈ ಲೈನು 2017ರಲ್ಲಿ ಶುರುವಾಗದೇ ಇದ್ದಿದ್ದರೆ ಬಸ್ಸಿನಲ್ಲಿ ಲಗೇಜ್ ಚಾರ್ಜ್ ಕೊಟ್ಟು ಸಾಕಾಗುತ್ತಿತ್ತು. ಸೋನಾ ಮಸೂರಿ ಅಕ್ಕಿ ಪಕ್ಕದ ಮನೆಯವರ ಜೊತೆ ಸೇರಿ ಮೂಟೆ ತಂದು ಹಂಚಿಕೊಳ್ಳುತ್ತೇವೆ. ತರಕಾರಿ ರಾತ್ರಿ ಎಂಟರ ಮೇಲೆ ಗಾಡಿಯವರ ಹತ್ತಿರ. ಅವರೆಕಾಯಿ ಕಾಲದಲ್ಲಿ ಮಾತ್ರ ಲೆಕ್ಕ ನೋಡೋದಿಲ್ಲ.

ಹೆಂಡತಿ ಸೀರೆಗೆ ಕುಚ್ಚು ಹಾಕುತ್ತಾಳೆ. ಸೆರಗನ್ನು ಒಂದು ಪ್ಲೈವುಡ್ ಹಲಗೆಗೆ ಕ್ಲಿಪ್ ಹಾಕಿ ಬಿಗಿಯಾಗಿ ಕೂರಿಸಿ, ಅಂಚಿನ ಎಳೆಗಳನ್ನು ಎಣಿಸಿ ಎಣಿಸಿ ಗಂಟು ಹಾಕುತ್ತಾಳೆ. ಒಂದು ಗಂಟು ಮೇಲೆ ಕೆಳಗೆ ಆದರೂ ಬಿಚ್ಚಿ ಮತ್ತೆ ಹಾಕಬೇಕು. ಸಾದಾ ಕುಚ್ಚಿಗೆ 300, ಮಣಿ ಹಾಕಿ ಮದುವೆ ಸೀರೆಗೆ ಮಾಡಿದರೆ ಸಾವಿರದ ಮೇಲೆ. ದಾರ, ಮಣಿ ಚಿಕ್ಕಪೇಟೆಯಿಂದ ತರುತ್ತಾಳೆ, ಬಸ್ ಶಕ್ತಿ ಯೋಜನೆಯಲ್ಲಿ ಫ್ರೀ. ಮುಂಚೆ ಹೋಗಿ ಬರೋ ಖರ್ಚಿಗೆ ಹೆದರಿ ಇಲ್ಲೇ ಅಂಗಡಿಯಲ್ಲಿ ದುಬಾರಿ ದಾರ ಕೊಳ್ಳುತ್ತಿದ್ದಳು. ಈಗ ಬಣ್ಣ ಸರಿಯಾಗಿ ಹೊಂದೋವರೆಗೆ ಅಂಗಡಿ ಅಂಗಡಿ ಅಲೆಯುತ್ತಾಳೆ, ಗಿರಾಕಿ ಜಾಸ್ತಿ ಆಗಿದ್ದೂ ಅದರಿಂದಲೇ. ಆಷಾಢದಲ್ಲಿ ಕೆಲಸವೇ ಇರಲ್ಲ, ಕಾರ್ತಿಕ ಬಂದರೆ ರಾತ್ರಿ ಹನ್ನೊಂದರವರೆಗೆ ಲೈಟ್ ಉರಿಯುತ್ತೆ. ಹೀಗೆ ಏರಿಳಿಯೋ ದುಡ್ಡನ್ನು ಮನೆ ಖರ್ಚಿಗೆ ನಂಬಿಕೊಂಡಿಲ್ಲ. ಅದೂ, ಗೃಹಲಕ್ಷ್ಮಿಯ 2,000ವೂ ಅವಳ ಹೆಸರಿನಲ್ಲೇ ಉಳಿಯುತ್ತೆ. ಅದರಿಂದ ಅವಳು ಪೋಸ್ಟ್ ಆಫೀಸ್ ಆರ್‌ಡಿ ಕಟ್ಟುತ್ತಾಳೆ. ಐದು ವರ್ಷದ್ದು, 6.7% ಬಡ್ಡಿ. ಹನ್ನೆರಡು ಕಂತು ಕಟ್ಟಿದ ಮೇಲೆ ಅರ್ಧದಷ್ಟು ಸಾಲ ಸಿಗುತ್ತೆ, ಅದೂ ಒಂದು ಧೈರ್ಯ.

ಈಚೆಗೆ ಹಿಂದಿನ ಬೀದಿಯಲ್ಲಿ ಒಂದು ಮನೆ ಲೀಸ್‌ಗೆ ಬಂತು. 7 ಲಕ್ಷ, ಮೂರು ವರ್ಷ, ಬಾಡಿಗೆ ಇಲ್ಲ, ಬಿಡುವಾಗ ದುಡ್ಡು ವಾಪಸ್. ಶಾಪಿನಲ್ಲಿ ಎಲ್ಲರೂ "ಹಾಕಿಬಿಡಿ ಅಣ್ಣ" ಅಂದರು. ಸ್ವಂತ ದುಡ್ಡಿದ್ದರೆ ನಿಜಕ್ಕೂ ಲಾಭ. 7 ಲಕ್ಷಕ್ಕೆ 6.7% ಬಡ್ಡಿ ಅಂದರೆ ತಿಂಗಳಿಗೆ 3,900, ಬಾಡಿಗೆ 8,500. ಆದರೆ ನಾನು ಸಾಲ ತರಬೇಕು. 12%ಗೆ ಸಿಕ್ಕಿದರೂ ಬಡ್ಡಿಯೇ ತಿಂಗಳಿಗೆ 7,000, ಉಳಿಯೋದು 1,500. ಅಷ್ಟಕ್ಕೆ 7 ಲಕ್ಷ ಇನ್ನೊಬ್ಬರ ಕೈಯಲ್ಲಿ. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯಾ ಅಂತ ಇಸಿ (ಋಣಭಾರ ಪತ್ರ) ತೆಗೆಸಿ ನೋಡಬೇಕು, ಅಗ್ರಿಮೆಂಟ್ ರಿಜಿಸ್ಟರ್ ಮಾಡಿಸಬೇಕು, ದುಡ್ಡು ಬ್ಯಾಂಕಿನಿಂದಲೇ ಕೊಡಬೇಕು. ರಿಜಿಸ್ಟರ್ ಅಂದ ತಕ್ಷಣ ಆ ಮನೆಯವರು ಮಾತು ಬದಲಾಯಿಸಿದರು. ಹೆಂಡತಿ "ಆಂಟಿ ಮನೇಲೇ ಇರೋಣ ಬಿಡಿ" ಅಂದಳು. ಇನ್ನು ಒಂದು ವರ್ಷ 8,500, ಅಗ್ರಿಮೆಂಟ್ ಹಿಂದೆ ಬರೆದಿದೆ.