ಕಾಯಂ ಯಜಮಾನ ಇಲ್ಲದ ವೈರ್‌ಲೆಸ್ ನೆಟ್‌ವರ್ಕಲ್ಲಿ ಎಲ್ಲರ ಟೈಮು ಒಂದು ಮಾಡೋದು ಹೇಗೆ?

ಹತ್ತು ಸೆನ್ಸರ್ ಬೋರ್ಡಿಗೆ (ಅದುರೋದು ಥರದ್ದನ್ನ ಅಳೆದು ರೇಡಿಯೋದಲ್ಲಿ ಕಳಿಸೋ ಪುಟ್ಟ ಸರ್ಕ್ಯೂಟು) ಇವತ್ತು ಒಂದೇ ಟೈಮ್ ಸೆಟ್ ಮಾಡಿಟ್ಟು ನಾಳೆ ನೋಡಿ, ಒಂದಕ್ಕೊಂದು ತಾಳೆ ಆಗಲ್ಲ. ಒಳಗೆ ಗಡಿಯಾರ ನಡೆಸೋ ಕ್ರಿಸ್ಟಲ್ 10 ಲಕ್ಷಕ್ಕೆ 20ರಷ್ಟು ತಪ್ಪಿದ್ರೂ ದಿನಕ್ಕೆ 1.7 ಸೆಕೆಂಡ್ ಹೋಯ್ತು, ಒಂದು ಮುಂದೆ ಓಡಿ ಇನ್ನೊಂದು ಹಿಂದೆ ಬಿದ್ರೆ ಅದರ ಡಬಲ್. ಭೂಮಿ ಅದುರಿದ್ದು ಯಾವ ಬೋರ್ಡಿಗೆ ಮೊದಲು ಗೊತ್ತಾಯ್ತು ಅಂತ ಲೆಕ್ಕ ಹಾಕೋ ಕಡೆ ಇದು ನಡೆಯಲ್ಲ. 2005ರಲ್ಲಿ ಈಕ್ವೆಡಾರ್‌ನ ರೆವೆಂಟಡೋರ್ ಜ್ವಾಲಾಮುಖಿ ಮೇಲೆ 16 ಬೋರ್ಡ್ ಇಟ್ಟವರು ಎಫ್‌ಟಿಎಸ್‌ಪಿ (ಫ್ಲಡಿಂಗ್ ಟೈಮ್ ಸಿಂಕ್ರೊನೈಸೇಶನ್ ಪ್ರೋಟೊಕಾಲ್) ಅನ್ನೋ ಪ್ರೋಟೊಕಾಲ್, ಅಂದ್ರೆ ಬೋರ್ಡುಗಳು ಟೈಮ್ ಹೊಂದಿಸ್ಕೊಳ್ಳೋ ನಿಯಮ, ಬಳಸಿದ್ರು, ಅದರ ದಾರೀಲೇ ಹೇಳ್ತೀನಿ.

ಮೊದಲು ಪ್ರತಿ ಬೋರ್ಡಿಗೂ ಒಂದು ನಂಬರ್ ಕೊಡಿ. ಎಲ್ಲಕ್ಕಿಂತ ಚಿಕ್ಕ ನಂಬರಿಂದು ಲೀಡರ್, ಅದರ ಟೈಮೇ ಎಲ್ಲರ ಟೈಮು. ಲೀಡರ್ ಆಗಾಗ ಟೈಮ್ ಕಳಿಸ್ತಿರುತ್ತೆ, ಕೆಲವು ಸುತ್ತು ಅದರ ಸದ್ದೇ ಬರಲಿಲ್ಲ ಅಂದ್ರೆ ಉಳಿದವು ನಾನೇ ಲೀಡರ್ ಅಂತ ಹೇಳ್ಕೋಬೇಕು, ತನಗಿಂತ ಚಿಕ್ಕ ನಂಬರ್ ಕೇಳಿಸಿದ ಕೂಡ್ಲೆ ಬಿಟ್ಕೊಡಬೇಕು.

ಇನ್ನು ಟೈಮ್ ಕಳಿಸೋದು. ಎಲ್ಲರೂ ಎಡವೋದು ಇಲ್ಲೇ. ಪ್ರೋಗ್ರಾಮಲ್ಲಿ ಟೈಮ್ ಓದಿ ಪ್ಯಾಕೆಟ್ಟಿಗೆ (ರೇಡಿಯೋದಲ್ಲಿ ಹೋಗೋ ಪುಟ್ಟ ಸಂದೇಶ) ಹಾಕಿ ರೇಡಿಯೋಗೆ ಕೊಟ್ರೆ, ಬೇರೆ ಯಾರೋ ಮಾತಾಡ್ತಿದ್ದಾರೆ ಅಂತ ಅದು ಕಾಯ್ತಾ ಕೂರುತ್ತೆ, ಎಷ್ಟೊತ್ತು ಅಂತ ಹೇಳಕ್ಕಾಗಲ್ಲ, ಅಷ್ಟರಲ್ಲಿ ನೀವು ಹಾಕಿದ ಟೈಮು ಹಳಸಿರುತ್ತೆ. ಅದಕ್ಕೇ ಪ್ಯಾಕೆಟ್ ಗಾಳಿಗೆ ಹೋಗೋ ಕ್ಷಣದಲ್ಲೇ ರೇಡಿಯೋ ಡ್ರೈವರ್ (ರೇಡಿಯೋ ನಡೆಸೋ ಸಾಫ್ಟ್‌ವೇರ್) ಟೈಮ್ ಬರೀಬೇಕು, ತಗೊಳ್ಳೋ ಕಡೆಯೂ ಹಾಗೇ. ಗಾಳೀಲಿ ಹೋಗೋ ಹೊತ್ತಿನ ಚಿಂತೆ ಬೇಡ, 300 ಮೀಟರಿಗೆ 1 ಮೈಕ್ರೋಸೆಕೆಂಡ್ ಅಷ್ಟೆ.

ಆಮೇಲೆ, ಬಂದ ಟೈಮನ್ನ ಹಾಗೇ ತನ್ನ ಗಡಿಯಾರಕ್ಕೆ ತುರುಕಬೇಡಿ. ತನ್ನ ಟೈಮು, ಲೀಡರ್ ಟೈಮು ಅಂತ ಜೋಡಿ ಮಾಡಿ ಕೊನೇ 8 ಜೋಡಿ ಇಟ್ಕೊಂಡು ಅದರ ಮೇಲೊಂದು ನೇರ ಗೆರೆ ಹಾಕಿ (ಶಾಲೇಲಿ ಗ್ರಾಫ್ ಶೀಟಲ್ಲಿ ಮಾಡಿದ್ದೇ). ಗೆರೆಯ ಓರೆ ನೋಡಿದ್ರೆ ಎಷ್ಟು ಸ್ಪೀಡಾಗಿ ತಪ್ಪುತ್ತೆ ಅಂತ ಗೊತ್ತಾಗುತ್ತೆ, ಮುಂದಿನ ಪ್ಯಾಕೆಟ್ ಬರೋವರೆಗೂ ಅದೇ ಲೆಕ್ಕದಲ್ಲಿ ಸರಿಯಾದ ಟೈಮ್ ಹೇಳಬಹುದು. ಹೀಗೆ ಲೆಕ್ಕ ಕೂತ ಬೋರ್ಡು ತಾನೂ ಅದೇ ಟೈಮನ್ನ ಮುಂದಿನವರಿಗೆ ಕೂಗಿ ಹೇಳುತ್ತೆ, ಲೀಡರ್ ದನಿ ಕೇಳಿಸದೇ ಇರೋ ದೂರದವರಿಗೂ ಮುಟ್ಟುತ್ತೆ.

ಸರಿ ಆಯ್ತಾ ಅಂತ ನೋಡೋಕೆ ಒಂದು ಬೋರ್ಡಿಂದ ಖಾಲಿ ಪ್ಯಾಕೆಟ್ ಬಿಡಿ, ಕೇಳಿದವರೆಲ್ಲ ಲೀಡರ್ ಟೈಮ್ ಲೆಕ್ಕದಲ್ಲಿ ಎಷ್ಟೊತ್ತಿಗೆ ಬಂತು ಅಂತ ಬರ್ಕೊಳ್ಳಲಿ, ಆ ಟೈಮುಗಳ ವ್ಯತ್ಯಾಸವೇ ನಿಮ್ಮ ತಪ್ಪು.

ಇನ್ನೊಂದು, ದಯವಿಟ್ಟು ಮರೀಬೇಡಿ. ಪ್ರತಿ ರೀಡಿಂಗ್ ಜೊತೆ ಬೋರ್ಡಿನ ಸ್ವಂತ ಟೈಮನ್ನೂ ಸೇವ್ ಮಾಡಿ. ರೆವೆಂಟಡೋರಲ್ಲಿ ಪ್ರೋಟೊಕಾಲ್ ಕೆಲವೊಮ್ಮೆ ಕೈಕೊಟ್ಟು ಟೈಮ್ ಎಲ್ಲೆಲ್ಲಿಗೋ ಹಾರಿತ್ತು, ಆ ಸ್ವಂತ ಟೈಮಿನ ಲಾಗ್ ಇದ್ದಿದ್ದಕ್ಕೇ ಆಮೇಲೆ ಕೂತು ಡೇಟಾ ಸರಿಮಾಡ್ಕೊಳ್ಳೋಕೆ ಆಯ್ತು.