ಗಿಡದ ಸಾರ ಕೊರೊನಾ ವೈರಸ್ಸನ್ನು ತಡೆಯುತ್ತದೆಯೇ? ಲ್ಯಾಬಿನಲ್ಲಿ ನೋಡುವ ಕ್ರಮ

ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ನೆಲಬೇವು, ಆಡುಸೋಗೆ, ಅಮೃತಬಳ್ಳಿಯ ಮೇಲೆ ಪ್ರಾಜೆಕ್ಟ್ ಹಿಡಿದಿರುವ ಎಂಎಸ್ಸಿ ವಿದ್ಯಾರ್ಥಿಗಳಿಗೆ ಈ ಬರಹ. ವೈರಸ್ಸು ತನ್ನ ಪ್ರೋಟೀನುಗಳನ್ನು ಕತ್ತರಿಸಲು ಬಳಸುವ ಕಿಣ್ವವಾದ ಮುಖ್ಯ ಪ್ರೋಟಿಯೇಸ್‌ನ 6ಎಲ್‌ಯು7 ಸಂಕೇತದ ರಚನೆ ಇಳಿಸಿಕೊಂಡು ಡಾಕಿಂಗ್ ಮಾಡಿದರೆ (ಅಣು ಅದಕ್ಕೆ ಎಷ್ಟು ಬಿಗಿಯಾಗಿ ಕೂರಬಹುದೆಂದು ಕಂಪ್ಯೂಟರಿನಲ್ಲಿ ಅಂದಾಜಿಸಿದರೆ) ಗಿಡದಲ್ಲಿರುವ ಯಾವುದೋ ಒಂದು ಫ್ಲೇವನಾಯ್ಡ್‌ಗೆ ಮೈನಸ್ 8ರ ಆಸುಪಾಸಿನ ಒಳ್ಳೆಯ ಸ್ಕೋರ್ ಬಂದೇ ಬರುತ್ತದೆ. ಯಾವುದನ್ನು ಮೊದಲು ಪರೀಕ್ಷಿಸಬೇಕು ಎಂದು ಆರಿಸಿಕೊಳ್ಳುವುದಕ್ಕಷ್ಟೇ ಆ ಅಂಕಿ. ಅದನ್ನೇ ಫಲಿತಾಂಶವೆಂದು ಬರೆಯಬೇಡಿ.

ಗಿಡವನ್ನು ಹೊಲದ ಬದುವಿನಿಂದಲೋ ಹಿತ್ತಲಿನಿಂದಲೋ ತನ್ನಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಅಲ್ಲಿ ಕೈ ಹಚ್ಚುವಂತಿಲ್ಲ. ನೆಲಬೇವನ್ನು ಹೂ ಬಿಡುವ ಹೊತ್ತಿಗೆ ಕೊಯ್ಯಿರಿ, ಅದರ ಕಹಿ ಸತ್ವ ಆಂಡ್ರೋಗ್ರಾಫೊಲೈಡ್ ಆಗ ಹೆಚ್ಚಿರುತ್ತದೆ. ಗಿಡದ ಗುರುತಿಗೆ ಒಂದು ಟೊಂಗೆಯನ್ನು ಒತ್ತಿ ಒಣಗಿಸಿ ಹರ್ಬೇರಿಯಂ ಹಾಳೆ ಮಾಡಿ ಸಂಖ್ಯೆ ಹಾಕಿಸಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನೆರಳಿಗೆ ಹರವಿದ ಎಲೆ ಬೂಸ್ಟು ಹಿಡಿಯುತ್ತದೆ, ಆಮೇಲೆ ನೀವು ಪರೀಕ್ಷಿಸುವುದು ಶಿಲೀಂಧ್ರದ ರಸವನ್ನೂ ಹೌದು. ಮಳೆಗಾಲದಲ್ಲಿ 40 ಡಿಗ್ರಿಯ ಓವನ್ನೇ ಸರಿ.

50 ಗ್ರಾಂ ಪುಡಿಗೆ 80% ಎಥನಾಲ್ 500 ಮಿಲಿ ಹಾಕಿ, ಮುಚ್ಚಿ, ದಿನಕ್ಕೆರಡು ಸಲ ಅಲ್ಲಾಡಿಸುತ್ತ 72 ಗಂಟೆ ಬಿಡಿ. ಸೋಸಿ, ರೋಟರಿ ಇವ್ಯಾಪೊರೇಟರಿನಲ್ಲಿ 45 ಡಿಗ್ರಿ ಮೀರದಂತೆ ಇಂಗಿಸಿ. ಉಳಿದ ಅಂಟನ್ನು ಮಿಲಿಗೆ 20 ಮಿಲಿಗ್ರಾಂನಂತೆ ಡಿಎಂಎಸ್ಒ ಎಂಬ ದ್ರಾವಕದಲ್ಲಿ ಕರಗಿಸಿ ಮೈನಸ್ 20ರಲ್ಲಿಡಿ. ಪರೀಕ್ಷೆಯಲ್ಲಿ ಮಿಲಿಗೆ 100 ಮೈಕ್ರೊಗ್ರಾಂ ಬಳಸಿದರೆ ಡಿಎಂಎಸ್ಒ 0.5% ಆಗುತ್ತದೆ. ಅಷ್ಟನ್ನು ಕಿಣ್ವ ತಾಳಿಕೊಳ್ಳುತ್ತದೆ.

ಕಿಣ್ವದ ಪರೀಕ್ಷೆಗೆ ಕಪ್ಪು 96 ಕುಳಿಯ ಪ್ಲೇಟ್ ಬೇಕು. ಪ್ರತಿ ಕುಳಿಯಲ್ಲಿ ಒಟ್ಟು 100 ಮೈಕ್ರೊಲೀಟರ್: ಪಿಎಚ್ 7.3ರ ಟ್ರಿಸ್ ಬಫರ್, 100 ನ್ಯಾನೊಮೋಲಾರ್ ಕಿಣ್ವ, ನಿಮ್ಮ ಸಾರ. 30 ನಿಮಿಷ ಹಾಗೇ ಬಿಟ್ಟು, ಡ್ಯಾಬ್ಸಿಲ್-ಎಡಾನ್ಸ್ ಪೆಪ್ಟೈಡನ್ನು (ಕಿಣ್ವ ಕತ್ತರಿಸಿದಾಗ ಹೊಳೆಯುವ ಪ್ರೋಟೀನ್ ತುಂಡು) 20 ಮೈಕ್ರೊಮೋಲಾರ್ ಆಗುವಂತೆ ಹಾಕಿ, 340ರಲ್ಲಿ ಬೆಳಕು ಕೊಟ್ಟು 490 ನ್ಯಾನೊಮೀಟರಿನಲ್ಲಿ ನಿಮಿಷಕ್ಕೊಮ್ಮೆ ಓದಿ. ಲೆಕ್ಕಕ್ಕೆ ಮೊದಲ ನೇರ ಗೆರೆಯ ಇಳಿಜಾರು ಮಾತ್ರ. ಡಿಎಂಎಸ್ಒ ಮಾತ್ರದ ಕುಳಿ, ಕಿಣ್ವ ಇಲ್ಲದ ಕುಳಿ, ಈ ಕಿಣ್ವವನ್ನು ತಡೆಯುತ್ತದೆಂದು ಗೊತ್ತಿರುವ ಜಿಸಿ376 ಹಾಕಿದ ಕುಳಿ ಪ್ರತಿ ಪ್ಲೇಟಿನಲ್ಲೂ ಇರಲಿ.

ಹೆಚ್ಚಿನ ಸಾರಗಳು ದಾರಿ ತಪ್ಪಿಸುವುದು ಇಲ್ಲೇ. ಈ ಪ್ರೋಟಿಯೇಸ್ ಕೆಲಸ ಮಾಡುವುದು 145ನೆಯ ಸ್ಥಾನದ ಅಮೈನೊ ಆಮ್ಲವಾದ ಸಿಸ್ಟೀನ್‌ನಿಂದ. ಗಿಡದಲ್ಲಿರುವ ಪಾಲಿಫೀನಾಲ್‌ಗಳು ಗಾಳಿಯಲ್ಲಿ ಆಕ್ಸಿಡೀಕರಣಗೊಂಡು ಸಿಕ್ಕ ಸಿಸ್ಟೀನನ್ನೆಲ್ಲ ಕೆಡಿಸುತ್ತವೆ. ಅದಕ್ಕೇ ಇಡೀ ಪರೀಕ್ಷೆಯನ್ನು ಸಿಸ್ಟೀನನ್ನು ಕಾಪಾಡುವ ಡಿಟಿಟಿಯನ್ನು 1 ಮಿಲಿಮೋಲಾರ್ ಹಾಕಿ ಒಮ್ಮೆ, ಹಾಕದೆ ಒಮ್ಮೆ ಮಾಡಿ. ಡಿಟಿಟಿ ಇದ್ದಾಗ ತಡೆ ಮಾಯವಾದರೆ ಆ ಫಲಿತಾಂಶ ಬಿಟ್ಟುಬಿಡಿ. ಕೆಲವು ಅಣುಗಳು ಗುಂಪುಗಟ್ಟಿ ಕಿಣ್ವವನ್ನು ಅಂಟಿಸಿಕೊಳ್ಳುತ್ತವೆ; 0.01% ಟ್ರೈಟಾನ್ ಎಕ್ಸ್-100 ಡಿಟರ್ಜೆಂಟ್ ಹಾಕಿದರೆ ಆ ಗುಂಪು ಒಡೆಯುತ್ತದೆ. ಟ್ಯಾನಿನ್ ಎಲ್ಲ ಪ್ರೋಟೀನಿಗೂ ಹತ್ತುತ್ತದೆ, ಅದನ್ನು ಹಿಡಿದುಕೊಳ್ಳುವ ಪಿವಿಪಿಪಿ ಪುಡಿಯಿಂದ ಮೊದಲೇ ತೆಗೆಯಿರಿ. ಬಣ್ಣವೂ ಮೋಸ ಮಾಡುತ್ತದೆ: ಗಾಢ ಹಸಿರು ಸಾರ ಬೆಳಕನ್ನೇ ನುಂಗಿದರೆ ಕಿಣ್ವ ನಿಂತಂತೆ ಕಾಣುತ್ತದೆ. ಬಿಡಿ ಎಡಾನ್ಸ್ ಬಣ್ಣಕ್ಕೆ ಸಾರ ಸೇರಿಸಿ ನೋಡಿ. ಅಲ್ಲೂ ಅಂಕಿ ಇಳಿದರೆ ಇಳಿಸಿದ್ದು ಬಣ್ಣ. ಅರಿಶಿನದ ಕರ್ಕ್ಯುಮಿನ್ ತಾನೇ ಹೊಳೆಯುವುದರಿಂದ ತೊಂದರೆ ಇನ್ನೊಂದು ದಿಕ್ಕಿನಿಂದಲೂ ಬರುತ್ತದೆ.

ಇಷ್ಟರಲ್ಲೂ ಉಳಿದ ಸಾರವನ್ನು ಮಾತ್ರ ಕೋಶಗಳ ಮೇಲೆ ನೋಡಿ. ಸಾರ್ಸ್-ಕೋವ್-2 ಬೆಳೆಸಲು ಬಿಎಸ್ಎಲ್-3 (ಮೂರನೆಯ ಹಂತದ ಜೈವಿಕ ಸುರಕ್ಷತೆಯ) ಲ್ಯಾಬ್ ಬೇಕು, ಕಾಲೇಜಿನಲ್ಲಿ ಆ ಮಾತೇ ಬೇಡ. ನೆಗಡಿಯ 229ಇ, ಒಸಿ43 ವೈರಸ್ಸುಗಳು ಬಿಎಸ್ಎಲ್-2ರಲ್ಲಿ ಸಾಗುತ್ತವೆ. ಯಾವ ಕೋಶ ಎನ್ನುವುದೂ ಮುಖ್ಯ. 2020ರಲ್ಲಿ ಮಲೇರಿಯಾ ಔಷಧ ಕ್ಲೋರೊಕ್ವಿನ್ ಕೋತಿಯ ಮೂತ್ರಪಿಂಡದ ವೆರೊ ಕೋಶಗಳಲ್ಲಿ ವೈರಸ್ಸನ್ನು ತಡೆಯಿತು, ಮನುಷ್ಯರ ಶ್ವಾಸಕೋಶದ ಕ್ಯಾಲು-3 ಕೋಶಗಳಲ್ಲಿ ತಡೆಯಲಿಲ್ಲ. ಕ್ಯಾಲು-3ರಲ್ಲಿ ಟಿಎಂಪಿಆರ್ಎಸ್ಎಸ್2 ಎಂಬ ಕಿಣ್ವ ಇದೆ, ವೈರಸ್ ಆ ಬಾಗಿಲಿನಿಂದ ಒಳಗೆ ಹೋಗುತ್ತದೆ. ಹಾಗಾಗಿ ವೆರೊ ಒಂದನ್ನೇ ನಂಬಬೇಡಿ.

ಕೋಶಗಳು ಬದುಕಿವೆಯೇ ಎಂದು ನೋಡುವ ಎಂಟಿಟಿ ಪರೀಕ್ಷೆಯಲ್ಲಿ (ಬದುಕಿದ ಕೋಶ ಎಂಟಿಟಿಯನ್ನು ನೇರಳೆ ಮಾಡುತ್ತದೆ) ಕೋಶವಿಲ್ಲದ ಕುಳಿಗೂ ಸಾರ ಹಾಕಿ. ಕ್ವೆರ್ಸೆಟಿನ್‌ನಂಥವು ಕೋಶವೇ ಇಲ್ಲದೆ ಎಂಟಿಟಿಯನ್ನು ನೇರಳೆ ಮಾಡಿ, ಸತ್ತದ್ದನ್ನೂ ಬದುಕಿದೆ ಎಂದು ತೋರಿಸುತ್ತವೆ. ಸಿಸಿ50ಯನ್ನು (ಅರ್ಧ ಕೋಶಗಳು ಸಾಯುವ ಪ್ರಮಾಣ) ಇಸಿ50ಯಿಂದ (ವೈರಸ್ ಅರ್ಧಕ್ಕಿಳಿಯುವ ಪ್ರಮಾಣ) ಭಾಗಿಸಿ. 10ಕ್ಕಿಂತ ಕಡಿಮೆ ಬಂದರೆ ಸಾರ ಕೋಶಕ್ಕೇ ವಿಷವಾಗಿ ವೈರಸ್ ಕುಗ್ಗಿರಬಹುದು. ಮನೆಯವರು "ಹಾಗಾದ್ರ ಇದನ್ನ ಕುಡೀಬಹುದಾ" ಎಂದು ಕೇಳಿದರೆ ಬೇಡ ಎನ್ನಿ: 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿನ ಹಾನಿ ಕಂಡದ್ದನ್ನು ವರದಿ ಮಾಡಿದ್ದಾರೆ. ವರದಿ ಬರೆಯುವಾಗ ಐಸಿ50 (ಕಿಣ್ವದ ಕೆಲಸ ಅರ್ಧಕ್ಕಿಳಿಯುವ ಪ್ರಮಾಣ) ಜೊತೆಗೆ ಡಿಟಿಟಿ ಪ್ರಮಾಣ, ಡಿಟರ್ಜೆಂಟ್, ಕೋಶದ ಹೆಸರು, ಹರ್ಬೇರಿಯಂ ಸಂಖ್ಯೆ ಬಿಡದೆ ಹಾಕಿ. ಕೈಬಿಟ್ಟ ಸಾರಗಳ ಅಂಕಿಗಳೂ ಅದೇ ಕೋಷ್ಟಕದಲ್ಲಿರಲಿ.