ಲೋಡ್ ವಿಳಾಸಗಳ ಸ್ಯಾಂಪ್ಲಿಂಗ್ ಕೊನೆಗೂ ಕೈಗೂಡಿದ ಬಗೆ: ನನ್ನ ಅನುಭವ

8 ಥ್ರೆಡ್‌ಗಳವರೆಗೆ (ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ಚೆನ್ನಾಗಿಯೇ ಓಡುತ್ತಿದ್ದ ನಮ್ಮ ಸರ್ವರ್ ಪ್ರೋಗ್ರಾಂ, ಥ್ರೆಡ್‌ಗಳು 16 ಆದೊಡನೆ ಮೊದಲಿಗಿಂತಲೂ ನಿಧಾನವಾಗುತ್ತಿತ್ತು. ಪ್ರೊಸೆಸರ್ ತನ್ನೊಳಗಿನ ಘಟನೆಗಳನ್ನು ಎಣಿಸುವ ಕೌಂಟರ್‌ಗಳಿಂದಲೇ, ಲೋಡ್‌ಗಳು (ಮೆಮೊರಿಯಿಂದ ದತ್ತಾಂಶ ಓದುವ ಕಾರ್ಯಗಳು) ಓದುವ ವಿಳಾಸಗಳನ್ನು ಆಗೊಂದು ಈಗೊಂದರಂತೆ ಹಿಡಿಯೋಣ ಎಂದು ನಾನು ಹೇಳಿದಾಗ ತಂಡದವರು ಒಪ್ಪಲಿಲ್ಲ. ಸಾವಿರಾರು ಲೋಡ್‌ಗಳಲ್ಲಿ ಒಂದನ್ನು ನೋಡಿ ಏನು ತಿಳಿದೀತು, ಪ್ರತಿಯೊಂದನ್ನೂ ದಾಖಲಿಸಬೇಕು ಎಂಬುದು ಅವರ ವಾದವಾಗಿತ್ತು. ಅದನ್ನೂ ಮಾಡಿ ನೋಡಿದೆವು. ಪ್ರೋಗ್ರಾಂ ಸುಮಾರು 50 ಪಟ್ಟು ನಿಧಾನವಾಗಿ, ಥ್ರೆಡ್‌ಗಳ ನಡುವಿನ ಪೈಪೋಟಿಯೇ ಇಲ್ಲವಾಗಿ, ಹುಡುಕುತ್ತಿದ್ದ ದೋಷವೇ ಕಾಣದಾಯಿತು.

ನನ್ನ ಮೊದಲ ಸೋಲಿಗೆ ಹಣ ಉಳಿಸುವ ಆಸೆಯೇ ಕಾರಣ. ಅಗ್ಗದ ವರ್ಚುವಲ್ ಮಷಿನ್‌ನಲ್ಲಿ ಮೂರು ವಾರ ಹೆಣಗಿದ ಮೇಲೆ, ಅಲ್ಲಿನ ಹೈಪರ್‌ವೈಸರ್ (ವರ್ಚುವಲ್ ಮಷಿನ್‌ಗಳನ್ನು ನಡೆಸುವ ತಂತ್ರಾಂಶ) ಪೆಬ್ಸ್ ಸೌಲಭ್ಯವನ್ನು, ಅಂದರೆ ಸ್ಯಾಂಪಲ್‌ನೊಂದಿಗೆ ವಿಳಾಸವನ್ನೂ ಬರೆದಿಡುವ ಇಂಟೆಲ್ ಪ್ರೊಸೆಸರ್‌ನ ವ್ಯವಸ್ಥೆಯನ್ನು, ನಮಗೆ ಕೊಟ್ಟೇ ಇಲ್ಲವೆಂದು ಗೊತ್ತಾಯಿತು. ಇಡೀ ಯಂತ್ರವನ್ನೇ ಬಾಡಿಗೆಗೆ ಪಡೆದಾಗ ಖರ್ಚು ನಾಲ್ಕೈದು ಪಟ್ಟಾಗಿ, ಮೂರು ತಿಂಗಳಿಗೆಂದು ಇಟ್ಟಿದ್ದ ಹಣ ಐದೇ ವಾರಕ್ಕೆ ಮುಗಿಯಿತು. ಆಮೇಲೆ ಸಿದ್ಧತೆಯೆಲ್ಲವನ್ನೂ ಅಗ್ಗದ ಯಂತ್ರದಲ್ಲಿ ಮುಗಿಸಿಕೊಂಡು, ಅಳತೆಗೆ ಮಾತ್ರ ದೊಡ್ಡದನ್ನು ಗಂಟೆಯ ಲೆಕ್ಕದಲ್ಲಿ ಪಡೆಯತೊಡಗಿದೆ.

ಎರಡನೆಯ ತಪ್ಪು ನನ್ನದೇ. ಎಲ್ಲ ಲೋಡ್‌ಗಳನ್ನೂ ಎಣಿಸುವ ಈವೆಂಟ್‌ಗೆ 10000ದ ಅವಧಿ ಕೊಟ್ಟಿದ್ದೆ, ಅಂದರೆ 10000 ಲೋಡ್‌ಗಳಿಗೆ ಒಂದು ಸ್ಯಾಂಪಲ್. ಮುಖ್ಯ ಲೂಪ್‌ನ ಒಂದು ಸುತ್ತಿಗೆ 20 ಲೋಡ್‌ಗಳಿದ್ದುದರಿಂದ, ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಲೋಡ್ ಸಿಕ್ಕಿಬೀಳುತ್ತಿತ್ತು. ಅವಿಭಾಜ್ಯ ಸಂಖ್ಯೆಯಾದ 10007 ಕೊಟ್ಟ ಮೇಲೆ ಚಿತ್ರ ಹರಡಿಕೊಂಡಿತಾದರೂ, ಸ್ಯಾಂಪಲ್‌ಗಳಲ್ಲಿ ಬಹುಪಾಲು ಎಲ್‌1 ಕ್ಯಾಶ್‌ನಲ್ಲೇ (ಪ್ರೊಸೆಸರ್‌ಗೆ ಅತಿ ಹತ್ತಿರದ ವೇಗದ ಮೆಮೊರಿ) ಸಿಕ್ಕ ನಿರುಪದ್ರವಿ ಲೋಡ್‌ಗಳಾಗಿದ್ದವು. ಇಂಟೆಲ್‌ನಲ್ಲಿ ನೆಹಲೆಮ್ ಪ್ರೊಸೆಸರ್‌ಗಳ ಕಾಲದಿಂದ ಇರುವ, ಲೋಡ್ ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುವ ಲೋಡ್ ಲೇಟೆನ್ಸಿ ಈವೆಂಟ್‌ಗೆ ಬದಲಾಯಿಸಿ, ಕನಿಷ್ಠ ಮಿತಿಯನ್ನು 50 ಸೈಕಲ್‌ಗೆ ಏರಿಸಿದಾಗಲೇ ಕೆಲಸಕ್ಕೆ ಬರುವ ಸ್ಯಾಂಪಲ್‌ಗಳು ಬರತೊಡಗಿದವು.

ನಿಜವಾದ ಕಷ್ಟವಿದ್ದುದು ವಿಳಾಸ ಪ್ರೋಗ್ರಾಂನ ಯಾವ ವಸ್ತುವಿನದು (ಆಬ್ಜೆಕ್ಟ್) ಎಂದು ಗುರುತಿಸುವುದರಲ್ಲಿ. ಮೆಮೊರಿಯಲ್ಲಿ ಜಾಗ ಪಡೆಯುವ ಮ್ಯಾಲಾಕ್ ಮತ್ತು ಅದನ್ನು ಬಿಟ್ಟುಕೊಡುವ ಫ್ರೀ ಕರೆಗಳನ್ನು ನಡುವೆ ತಡೆದು ಸಮಯದೊಂದಿಗೆ ಬರೆದಿಟ್ಟುಕೊಂಡೆ, ಏಕೆಂದರೆ ಬಿಟ್ಟುಕೊಟ್ಟ ಜಾಗವೇ ಕ್ಷಣದಲ್ಲಿ ಇನ್ನೊಂದು ವಸ್ತುವಿಗೆ ಸಿಗುತ್ತದೆ. ಆದರೂ ಅರ್ಧದಷ್ಟು ಸ್ಯಾಂಪಲ್‌ಗಳು ಯಾವ ವಸ್ತುವಿಗೂ ಹೊಂದಲಿಲ್ಲ. ನನ್ನ ದಾಖಲೆ ಒಂದು ಗಡಿಯಾರವನ್ನೂ, ಸ್ಯಾಂಪಲ್‌ಗಳನ್ನು ಬರೆದುಕೊಳ್ಳುವ ಲಿನಕ್ಸ್ ಸಾಧನವಾದ ಪರ್ಫ್ ಇನ್ನೊಂದನ್ನೂ ನೋಡುತ್ತಿದ್ದವು. ಎರಡಕ್ಕೂ ಎಂದೂ ಹಿಂದಕ್ಕೆ ಸರಿಯದ ಮಾನೊಟಾನಿಕ್ ಗಡಿಯಾರವನ್ನೇ ಗೊತ್ತುಮಾಡಿದ ದಿನ ಹೊಂದದವು ನೂರಕ್ಕೆ ಮೂರೋ ನಾಲ್ಕೋ ಉಳಿದವು. ಆ ದಾಖಲೆಯ ಭಾರ ಅಳತೆಯನ್ನೇ ಕೆಡಿಸದಂತೆ ನೋಡಿಕೊಂಡ ಉಪಾಯವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಎಎಂಡಿ ಯಂತ್ರದಲ್ಲಿ, ಅಲ್ಲಿನ ಸ್ಯಾಂಪ್ಲಿಂಗ್ ವ್ಯವಸ್ಥೆಯಾದ ಐಬಿಎಸ್‌ನಿಂದಲೂ ಪ್ರಯತ್ನಿಸಿದೆ. ಅದು ಲೋಡ್‌ಗಳನ್ನಷ್ಟೇ ಅಲ್ಲದೆ ಯಾವುದೇ ಆಪರೇಷನ್ನನ್ನು ಆರಿಸಿಕೊಳ್ಳುವುದರಿಂದ, ಸುಮಾರು ಮೂರನೇ ಎರಡು ಭಾಗ ಸ್ಯಾಂಪಲ್‌ಗಳನ್ನು ಎಸೆಯಬೇಕಾಯಿತು. ಉತ್ತರ ಮಾತ್ರ ಅದೇ ಬಂದಿತು.

ಸುಮಾರು 9 ಸಾವಿರ ಸ್ಯಾಂಪಲ್‌ಗಳಲ್ಲಿ 6 ಸಾವಿರದಷ್ಟು ಒಂದೇ 64 ಬೈಟ್‌ನ ಕ್ಯಾಶ್ ಲೈನ್ (ಕ್ಯಾಶ್‌ಗೆ ಒಟ್ಟಿಗೇ ಬರುವ ತುಣುಕು) ಮೇಲೆ ಬಿದ್ದಿದ್ದವು, ಅವುಗಳಲ್ಲಿ ಬಹುತೇಕ ಎಲ್ಲವೂ ಪ್ರೊಸೆಸರ್‌ನ ಬೇರೊಂದು ಕೋರ್ ಬದಲಾಯಿಸಿದ ದತ್ತಾಂಶಕ್ಕಾಗಿ ಕಾದಿದ್ದವು. ಆ ಲೈನ್‌ನ 16ನೇ ಬೈಟ್‌ನಲ್ಲಿ ಎಲ್ಲರೂ ಓದುವ ಪಾಯಿಂಟರ್, 40ನೇ ಬೈಟ್‌ನಲ್ಲಿ ಎಲ್ಲರೂ ಏರಿಸುವ ಅಂಕಿಅಂಶದ ಕೌಂಟರ್ ಇತ್ತು. ಒಂದು ಕೋರ್ ಕೌಂಟರ್ ಏರಿಸಿದಾಗಲೆಲ್ಲ, ಪಾಯಿಂಟರ್ ಓದಬೇಕಾದ ಉಳಿದ ಕೋರ್‌ಗಳು ಇಡೀ ಲೈನನ್ನು ಮತ್ತೆ ತರಿಸಿಕೊಳ್ಳಬೇಕಾಗುತ್ತಿತ್ತು. ಕೌಂಟರನ್ನು ಪಕ್ಕದ ಲೈನ್‌ಗೆ ಸರಿಸಿದಾಗ ವೇಗ 1.4 ಪಟ್ಟಾಯಿತು, ಅಕ್ಕಪಕ್ಕದ ಎರಡು ಲೈನ್‌ಗಳನ್ನು ಜೋಡಿಯಾಗಿ ಮುಂಚಿತವಾಗಿಯೇ ತರುವ ಪ್ರೀಫೆಚರ್ ನೆನಪಾಗಿ 128 ಬೈಟ್‌ನ ಗಡಿಗೆ ಸರಿಸಿದಾಗ 1.7 ಪಟ್ಟನ್ನು ದಾಟಿತು.